ಸಸಿಗೆ ವಯಸ್ಸಾಗಲು ಬಿಡಬೇಡ

ಪ್ರೀತಿಯ ಮಗಳೇ,

ವಾಮದಪದವು, ಮೂಡುಬಿದಿರೆ, ಬೆಳ್ತಂಗಡಿ ಕಡೆಯಿಂದ ಹೊರಟು ಕೆನಡಾದ ಕ್ಯಾಲ್ಗರಿಯಂಥ ಚಳಿಯೂರಿನಲ್ಲಿ ಮನೆ ಮಾಡಿಕೊಂಡ ಎಳೆಯರಿಗೆಂದು ಈ ಪತ್ರ. ಹೆಸರು ಹಾಕಿಲ್ಲ. ಹಿತ್ತಿಲಲ್ಲಿ ನಾಲ್ಕಡಿ ಮಣ್ಣು, ಕೈಯಲ್ಲೊಂದು ಜೀನಿಯಾ ಬೀಜದ ಪ್ಯಾಕೆಟ್ ಇರುವವರು ತಮಗೇ ಬರೆದದ್ದೆಂದು ಓದಿಕೊಳ್ಳಲಿ. ಅಲ್ಲಿ ಫ್ರಾಸ್ಟ್ ಇಲ್ಲದ ಕಾಲ ನಾಲ್ಕು ತಿಂಗಳಿಗೂ ತುಸು ಕಡಿಮೆ. ಮೇ ತಿಂಗಳ ಕೊನೆಯ ಭಾಗದಿಂದ ಸೆಪ್ಟೆಂಬರ್ ನಡುವಿನವರೆಗೆ, ಅಷ್ಟೆ. ಹಾಗಾಗಿ ಫೆಬ್ರವರಿ, ಮಾರ್ಚಿನಲ್ಲೇ ಮನೆಯೊಳಗೆ ಬೀಜ ಹಾಕಿ, ಗಿಡವನ್ನು ಆದಷ್ಟು ದೊಡ್ಡದು ಮಾಡಿಕೊಂಡು, ಚಳಿ ಬಿಟ್ಟ ಮರುದಿನವೇ ಹೊರಗೆ ನೆಟ್ಟರೆ ಬೇಗ ಹೂವಾಗುತ್ತದೆ ಎಂಬ ಲೆಕ್ಕ ಯಾರಿಗಾದರೂ ಮೊದಲು ಹೊಳೆಯುತ್ತದೆ. ಕೇಳಲು ಚೆನ್ನಾಗಿದೆ, ಆದರೆ ಜೀನಿಯಾಕ್ಕೆ ಅದು ಹೊಂದುವುದಿಲ್ಲ. ಕಾಲ ಕಡಿಮೆ ಇರುವ ಊರಿನಲ್ಲಿ ಬಲಿತ ಸಸಿಯನ್ನು ತಣ್ಣನೆ ಮಣ್ಣಿಗೆ ಇಡುವುದಕ್ಕಿಂತ ಎಳೆಯ ಸಸಿಯನ್ನು ಬೆಚ್ಚಗಿನ ಮಣ್ಣಿಗೆ ಇಡುವುದೇ ಲಾಭ ಎಂಬುದು ನನ್ನ ವಾದ. ಯಾಕೆಂದು ಹೇಳುತ್ತೇನೆ.

ಕಾಲ ಕಡಿಮೆ ಎಂಬ ಕಷ್ಟ ಚಳಿ ದೇಶದವರಿಗೆ ಮಾತ್ರ ಬಂದದ್ದಲ್ಲ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಹೊಯ್ಯುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ನಾಲ್ಕು ತಿಂಗಳು ಜೀನಿಯಾಕ್ಕೆ ಇಲ್ಲಿ ನೆಲೆಯಿಲ್ಲ. ಎಲೆಯ ಮೇಲೆ ಕಂದು ಚುಕ್ಕೆ ಬಿದ್ದು, ಬುಡ ಕೊಳೆತು ಹೋಗುತ್ತದೆ. ಮಳೆ ಹಿಂದೆ ಸರಿದ ಮೇಲೆ ಬಿತ್ತಿದರೆ ಕ್ರಿಸ್‌ಮಸ್ ಹೊತ್ತಿಗೆ ಹೂವು. ಅಂದರೆ ನಮ್ಮಲ್ಲಿ ನೀರು ಮಾಡುವುದನ್ನು ಅಲ್ಲಿ ಚಳಿ ಮಾಡುತ್ತದೆ. ಇನ್ನೊಂದು ತಮಾಷೆ ನೋಡು. ತುಳುವಿನ ಬೇಷ ತಿಂಗಳ ಹತ್ತನೇ ದಿನ ನಮಗೆ ಪತ್ತನಾಜೆ, ಮೇ 24ರ ಆಸುಪಾಸು. ಅಲ್ಲಿಗೆ ಭೂತದ ಕೋಲ, ನೇಮ ನಿಲ್ಲುತ್ತದೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಗದ್ದೆಯ ಕೆಲಸಕ್ಕೆ ಇಳಿಯುವ ಹೊತ್ತು. ಕೆನಡಾದಲ್ಲಿ ಮೇ 25ಕ್ಕೆ ಮುಂಚಿನ ಸೋಮವಾರ ವಿಕ್ಟೋರಿಯಾ ಡೇ; ಅಲ್ಲಿನ ತೋಟದವರು ಚಳಿ ತಡೆಯದ ಗಿಡಗಳನ್ನು ಹೊರಗೆ ನೆಡಲು ಶುರು ಮಾಡುವುದು ಆ ವಾರದಿಂದಲೇ. ಎರಡೂ ಒಳ್ಳೆಯ ಗುರುತುಗಳು. ಆದರೆ ಪತ್ತನಾಜೆ ಬಂದ ಮಾತ್ರಕ್ಕೆ ಮಳೆ ಬರಬೇಕೆಂದಿಲ್ಲ, ವಿಕ್ಟೋರಿಯಾ ಡೇ ಬಂದ ಮಾತ್ರಕ್ಕೆ ಮಣ್ಣು ಬೆಚ್ಚಗಾಗಬೇಕೆಂದೂ ಇಲ್ಲ. ತಾರೀಕು ನೋಡಿ ಸಿದ್ಧವಾಗಬೇಕು, ಮಣ್ಣು ಮುಟ್ಟಿ ಇಳಿಯಬೇಕು.

ಸಸಿಯ ವಯಸ್ಸಿನ ವಿಷಯ ನಮ್ಮ ಭತ್ತದವರಿಗೆ ಹೊಸದೇನಲ್ಲ. ಏಣೆಲು, ಸುಗ್ಗಿ, ಕೊಳಕೆ ಎಂದು ಒಂದೇ ಗದ್ದೆಯಲ್ಲಿ ಮೂರು ಬೆಳೆ ತೆಗೆಯುತ್ತಿದ್ದ ಕಾಲದಲ್ಲಿ ಒಂದು ವಾರ ಕೈತಪ್ಪಿದರೂ ಮುಂದಿನ ಬೆಳೆಗೆ ನೀರು ಸಾಲುತ್ತಿರಲಿಲ್ಲ. ಅಂಥ ಅವಸರದಲ್ಲೂ ನೇಜಿಯನ್ನು, ಅಂದರೆ ಭತ್ತದ ಸಸಿಯನ್ನು, ಎರಡು ತಿಂಗಳು ಬೆಳೆಸಿ ನೆಟ್ಟರೆ ಬೇಗ ತೆನೆ ಬರುತ್ತದೆ ಎಂದು ಯಾರೂ ಲೆಕ್ಕ ಹಾಕಲಿಲ್ಲ. ಕೈನಾಟಿಗೆ ಮೂರು ವಾರ, ಮೂರೂವರೆ ವಾರದ ನೇಜಿ. ಈಗ ಯಂತ್ರನಾಟಿಗೆಂದು ಮಾಡುವ ಚಾಪೆ ನೇಜಿಗೆ ಹದಿನೈದಿಪ್ಪತ್ತು ದಿನವೇ ಸಾಕು. ವಯಸ್ಸಾದ ನೇಜಿ ಗದ್ದೆಗಿಳಿದ ಮೇಲೆ ಬೇರು ಹಿಡಿಯಲು ತಡ ಮಾಡುತ್ತದೆ, ತೆಂಡೆ ಒಡೆಯುವುದಿಲ್ಲ, ಗಿಡ್ಡಗೆ ನಿಂತು ಬಡಕಲು ತೆನೆ ತೋರಿಸಿ ಮುಗಿಸುತ್ತದೆ. ಜೀನಿಯಾದ ಕಥೆಯೂ ಇದೇ, ಇನ್ನೂ ಸ್ವಲ್ಪ ಕಠಿಣ. ಅದರ ಬೇರಿಗೆ ಅಲುಗಾಟ ಆಗಿಬರುವುದಿಲ್ಲ. ಪುಟ್ಟ ಕಪ್ಪಿನಲ್ಲಿ ಎರಡು ಮೂರು ತಿಂಗಳು ಕೂರಿಸಿದರೆ ಬೇರು ತಳದಲ್ಲಿ ಸುತ್ತು ಹಾಕುತ್ತದೆ. ಜಾಗ ಸಾಲದ, ಆಹಾರ ಸಾಲದ ವಾರ್ಷಿಕ ಗಿಡ ಇನ್ನು ಬೆಳೆದು ಪ್ರಯೋಜನವಿಲ್ಲವೆಂಬಂತೆ ಕಪ್ಪಿನಲ್ಲೇ ಮೊಗ್ಗು ಕಟ್ಟುತ್ತದೆ. ಆ ಮೊಗ್ಗು ನೋಡಿ ಹಿಗ್ಗಬೇಡ. ಅದು ಮುನ್ನಡೆಯಲ್ಲ, ಹಸಿವು.

ಇನ್ನು ಮಣ್ಣಿನ ಬಿಸಿ. ಜೀನಿಯಾ ಮೆಕ್ಸಿಕೊ ಮೂಲದ್ದು. ಮಣ್ಣು 21 ಡಿಗ್ರಿ ಸೆಂಟಿಗ್ರೇಡಿನಿಂದ ಮೇಲಿದ್ದರೆ ನಾಲ್ಕರಿಂದ ಏಳು ದಿನದಲ್ಲಿ ಮೊಳಕೆ ಮೇಲೇಳುತ್ತದೆ. ಮಣ್ಣು ತಣ್ಣಗಿದ್ದು ಒದ್ದೆಯೂ ಆಗಿದ್ದರೆ ಬೀಜ ಮೊಳೆಯುವ ಮೊದಲೇ ಕೊಳೆಯುತ್ತದೆ. ನೆಟ್ಟ ಸಸಿಯೂ ಅಷ್ಟೆ: ತಂಪು ಮಣ್ಣಿನಲ್ಲಿ ಸಾಯುವುದಿಲ್ಲ, ಆದರೆ ಎಲೆ ಹಳದಿಗೆ ತಿರುಗಿ ಎರಡು ಮೂರು ವಾರ ಇದ್ದಲ್ಲೇ ಇರುತ್ತದೆ. ಅಷ್ಟರಲ್ಲಿ ಬೆಚ್ಚಗಾದ ಮೇಲೆ ನೆಟ್ಟ ಎಳೆ ಸಸಿ ಅದನ್ನು ದಾಟಿ ಹೋಗುತ್ತದೆ. ಅಡಿಗೆಮನೆಯ ಥರ್ಮಾಮೀಟರನ್ನು ಬೆಳಗ್ಗೆ ಒಂದೆರಡು ಇಂಚು ಆಳಕ್ಕೆ ಚುಚ್ಚಿ ನೋಡು; ಕೆಲವು ದಿನ ಬಿಡದೆ 15 ಡಿಗ್ರಿಗಿಂತ ಮೇಲೆ ತೋರಿಸುವ ತನಕ ಸಸಿಯನ್ನು ಒಳಗೇ ಇರಿಸಿಕೋ. ಮಣ್ಣನ್ನು ಬೇಗ ಬಿಸಿ ಮಾಡುವ ದಾರಿಗಳೂ ಇವೆ. ಏರಿಸಿ ಕಟ್ಟಿದ ಮಡಿ, ಅದರ ಮೇಲೆ ಎರಡು ವಾರ ಹೊದೆಸಿದ ಕಪ್ಪು ಪ್ಲಾಸ್ಟಿಕ್, ಎಲ್ಲಕ್ಕಿಂತ ಮುಖ್ಯವಾಗಿ ದಕ್ಷಿಣದ ಗೋಡೆಯ ಬುಡ. ಈ ಕೊನೆಯದು ಊರಿನ ಕಣ್ಣಿಗೆ ಬೀಳದ ಸಂಗತಿ. ನಾವಿರುವುದು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿ. ಇಲ್ಲಿ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ, ವರ್ಷದಲ್ಲಿ ಕೆಲವು ತಿಂಗಳು ನಡುಮಧ್ಯಾಹ್ನ ಉತ್ತರಕ್ಕೂ ವಾಲುತ್ತಾನೆ. 51 ಡಿಗ್ರಿಯಲ್ಲಿರುವ ಕ್ಯಾಲ್ಗರಿಯಲ್ಲಿ ನಡುಹಗಲಿನ ಸೂರ್ಯ ಯಾವಾಗಲೂ ದಕ್ಷಿಣದಲ್ಲೇ. ದಕ್ಷಿಣದ ಗೋಡೆ ಹಗಲೆಲ್ಲ ಕಾಯ್ದು ರಾತ್ರಿ ಆ ಬಿಸಿಯನ್ನು ಗಿಡಕ್ಕೆ ಬಿಟ್ಟುಕೊಡುತ್ತದೆ. ಜುಲೈ ರಾತ್ರಿಯಲ್ಲೂ ಉಷ್ಣಾಂಶ 10 ಡಿಗ್ರಿಯ ಹತ್ತಿರಕ್ಕೆ ಇಳಿಯುವ ಊರಿನಲ್ಲಿ ಇದು ಸಣ್ಣ ಸಹಾಯವಲ್ಲ.

ಹಾಗಾದರೆ ನೇರ ಮಣ್ಣಿಗೇ ಬಿತ್ತಬಾರದೇ ಎಂದು ನೀನು ಕೇಳಬಹುದು. ವಾದವನ್ನು ಅದರ ತುದಿಗೆ ಎಳೆದರೆ ಅಲ್ಲಿಗೇ ಮುಟ್ಟುತ್ತದೆ, ನಿಜ. ಟೊರಾಂಟೊ ಕಡೆಯವರು ಹಾಗೆ ಮಾಡಬಹುದು. ಅವರ ಬೇಸಿಗೆ ಉದ್ದ, ರಾತ್ರಿಗಳೂ ಬೆಚ್ಚಗೆ. ಕ್ಯಾಲ್ಗರಿಯಲ್ಲಿ ಲೆಕ್ಕ ಬಿಗಿ. ಬಿತ್ತಿದಂದಿನಿಂದ ಹೂವಿಗೆ 60ರಿಂದ 75 ದಿನ ಎಂದು ಪ್ಯಾಕೆಟ್ ಹೇಳುತ್ತದೆ, ತಂಪು ರಾತ್ರಿಗಳು ಅದಕ್ಕೆ ಇನ್ನೊಂದಷ್ಟು ದಿನ ಸೇರಿಸುತ್ತವೆ. ಜೂನ್ ಮೊದಲ ವಾರ ನೆಲಕ್ಕೆ ಬಿತ್ತಿದರೆ ಆಗಸ್ಟ್ ಕೊನೆಗೆ ಹೂವು, ಸೆಪ್ಟೆಂಬರ್ ನಡುವೆ ಫ್ರಾಸ್ಟ್. ಎರಡು ವಾರದ ಹೂವಿಗೆ ಇಷ್ಟೆಲ್ಲ ಪಾಡೇ? ಮೇ ಮೊದಲ ವಾರ ಒಳಗೆ ಬಿತ್ತಿ, ನಾಲ್ಕು ವಾರದ ಸಸಿಯನ್ನು ಜೂನ್ ಮೊದಲಿಗೆ ನೆಟ್ಟರೆ ಜುಲೈ ಕೊನೆಗೆ ಹೂವು ಕಾಣಬಹುದು. ಆರೇಳು ವಾರ ಕೈಗೆ ಸಿಗುತ್ತದೆ. ಎರಡು ಮೂರು ಜೊತೆ ನಿಜ ಎಲೆ ಬಂದದ್ದೇ ಸಸಿಯ ಹದ. ಬೇರು ಕದಡದ ಹಾಗೆ ಪೇಪರ್ ಕಪ್ಪಿನಲ್ಲಿ ಒಂದೊಂದೇ ಬೀಜ ಹಾಕು, ನೆಡುವಾಗ ಕಪ್ಪಿನ ತಳ ಹರಿದು ಹಾಗೇ ಇಳಿಸು. ನೆಡುವ ಮುಂಚಿನ ವಾರ ದಿನಕ್ಕೆ ಸ್ವಲ್ಪ ಹೊತ್ತು ಹೊರಗಿಟ್ಟು ಗಾಳಿ ಬಿಸಿಲಿಗೆ ಒಗ್ಗಿಸಬೇಕು. ಒಳಗಿರುವಷ್ಟು ದಿನ ಕಿಟಕಿಯ ಬೆಳಕನ್ನು ನಂಬಬೇಡ. ಸಸಿ ಬೆಳಕು ಹುಡುಕಿಕೊಂಡು ನೂಲಿನಂತೆ ಎಳೆದುಕೊಳ್ಳುತ್ತದೆ. ಎಲ್ಇಡಿ ಟ್ಯೂಬ್ ಒಂದನ್ನು ಎಲೆಗಿಂತ ಮೂರು ನಾಲ್ಕು ಇಂಚು ಮೇಲೆ ತೂಗುಹಾಕಿದರೆ ಕಾಂಡ ಗಟ್ಟಿಯಾಗುತ್ತದೆ.

ಅಲ್ಲಿ ಹಗಲು ಉದ್ದವಲ್ಲವೇ, ಚಳಿಯ ನಷ್ಟವನ್ನು ಬೆಳಕು ತುಂಬಿಕೊಡುವುದಿಲ್ಲವೇ ಎಂಬ ಆಕ್ಷೇಪವೂ ಇದೆ. ಜೂನ್ ಕೊನೆಯ ವಾರದಲ್ಲಿ ಇಲ್ಲಿನ ಹಗಲು ಹೆಚ್ಚುಕಡಿಮೆ 13 ಗಂಟೆ, ಅಲ್ಲಿ ಹದಿನಾರೂವರೆ. ಎಲೆ ಕಾಂಡದ ಬೆಳವಣಿಗೆಗೆ ಅದು ಲಾಭವೇ. ಆದರೆ ಜೀನಿಯಾ ಹಗಲು ಕಿರಿದಾದಾಗ ಬೇಗ ಹೂವಿಗೆ ತಿರುಗುವ ಜಾತಿಯದು. ಉದ್ದ ಹಗಲಿನಲ್ಲೂ ಅರಳುತ್ತದೆ, ಸ್ವಲ್ಪ ನಿಧಾನವಾಗಿ. ಬೆಳಕಿನಿಂದ ಗಿಡ ದೊಡ್ಡದಾದೀತು, ತಾರೀಕು ಮುಂದೆ ಬರುವುದಿಲ್ಲ. ಆದ್ದರಿಂದಲೇ ತಳಿಯ ಆಯ್ಕೆ ಮುಖ್ಯ. ದೊಡ್ಡ ಹೂವಿನ ಬೆನರೀಸ್ ಜಯಂಟ್‌ಗೆ ಹೆಚ್ಚು ದಿನ ಬೇಕು. ಪ್ರೊಫ್ಯೂಷನ್ ಎಂಬ ಮಿಶ್ರತಳಿ ಗಿಡ್ಡ, ಬೇಗ ಹೂ ಬಿಡುತ್ತದೆ, ಬೂದಿರೋಗಕ್ಕೂ ಸುಲಭವಾಗಿ ಬಗ್ಗುವುದಿಲ್ಲ. ಆದರೆ ಹೂದಾನಿಗೆ ತಕ್ಕಷ್ಟು ತೊಟ್ಟು ಕೊಡುವುದಿಲ್ಲ. ಸುಗ್ಗಿಗೆ ಕಡಿಮೆ ದಿನದ ಜ್ಯೋತಿಯಂಥ ಭತ್ತ ಹುಡುಕುತ್ತಿದ್ದವರ ಊರಿನವಳು ನೀನು. ಮುಕ್ಕಾಲು ಪಾಲು ಗಿಡ್ಡದ್ದು, ಕಾಲು ಪಾಲು ದೊಡ್ಡದು ಹಾಕು. ನರ್ಸರಿಯಲ್ಲಿ ಹೂ ಬಿಟ್ಟ ಗಿಡವೇ ಸಿಗುವಾಗ ಇಷ್ಟೆಲ್ಲ ಯಾಕೆ ಎನ್ನುವವರಿಗೆ ಉತ್ತರ ಮೇಲೆಯೇ ಹೇಳಿಯಾಯಿತು: ಅದು ಕಪ್ಪಿನಲ್ಲಿ ಮುದಿಯಾದ ಸಸಿ. ಕೊಳ್ಳಲೇಬೇಕಾದರೆ ಹೂವಿಲ್ಲದ್ದನ್ನು ಆರಿಸು.

ಕುಡಿ ಚಿವುಟುವ ವಿಷಯದಲ್ಲಿ ನನ್ನ ಅಭಿಪ್ರಾಯ ಪುಸ್ತಕದ್ದಲ್ಲ. ಒಂದಡಿ ಬೆಳೆದಾಗ ಕುಡಿ ಚಿವುಟಿದರೆ ಗಿಡ ಕವಲೊಡೆಯುತ್ತದೆ, ಸರಿ. ಮೊದಲ ಹೂವು ಮಾತ್ರ ಅಷ್ಟು ತಡವಾಗುತ್ತದೆ. ನಿನ್ನ ಊರಿನಲ್ಲಿ ಆ ದಿನಗಳು ದುಬಾರಿ. ಚಿವುಟುವ ಬದಲು ಮೊದಲ ಹೂವನ್ನೇ ಆಳದಿಂದ, ಕೆಳಗೆ ಎರಡು ಜೊತೆ ಎಲೆಯಷ್ಟೇ ಬಿಟ್ಟು, ಕತ್ತರಿಸು. ಹೂವೂ ಸಿಕ್ಕಿತು, ಕವಲೂ ಒಡೆಯಿತು. ಆದರೆ ಕತ್ತರಿಸುವ ಮೊದಲು ಹೂವಿನಿಂದ ಒಂದು ಗೇಣು ಕೆಳಗೆ ತೊಟ್ಟನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲುಗಿಸಿ ನೋಡು. ಹೂವಿನ ಕತ್ತು ತೂಗಾಡಿದರೆ ಇನ್ನೂ ಎಳತು. ತೊಟ್ಟು ಕಡ್ಡಿಯ ಹಾಗೆ ನೆಟ್ಟಗೆ ನಿಂತರೆ ಬಲಿತಿದೆ. ಜೀನಿಯಾ ಕೊಯ್ದ ಮೇಲೆ ಅರಳುವುದಿಲ್ಲ. ಎಳತಿನಲ್ಲಿ ಕತ್ತರಿಸಿದ್ದು ಸಂಜೆಯೊಳಗೆ ತಲೆ ಬಗ್ಗಿಸುತ್ತದೆ.

ನೀರಿನಲ್ಲಿ ಮಾತ್ರ ಊರಿನ ರೂಢಿ ಬಿಟ್ಟುಬಿಡು. ಕ್ಯಾಲ್ಗರಿಯ ಮಳೆ, ಹಿಮ ಎರಡೂ ಸೇರಿದರೂ ನಮ್ಮ ಮಳೆಯ ಎಂಟರಲ್ಲಿ ಒಂದು ಪಾಲಿನಷ್ಟು, ನಿಜ. ಆದರೂ ಗಿಡದ ತಲೆಯ ಮೇಲೆ ಪೈಪು ಹಿಡಿಯುವುದು ಬೇಡ. ಬೆಳಗ್ಗೆ ಬುಡಕ್ಕೆ ಬಿಡು, ಎಲೆ ಒಣಗಿರಲಿ, ಗಿಡಗಳ ನಡುವೆ ಒಂದಡಿ ಇರಲಿ. ಅಂತರಿಕ್ಷ ನಿಲ್ದಾಣದಲ್ಲಿ 2015ರ ಕೊನೆಗೆ ಬೆಳೆಸಿದ ಜೀನಿಯಾಗಳಿಗೆ ತೇವ ಹೆಚ್ಚಾಗಿ ಬೂಷ್ಟು ಹಿಡಿಯಿತು, ಕೆಲವು ಗಿಡ ಸತ್ತವು. ಗಾಳಿ ಆಡುವಂತೆ ಫ್ಯಾನ್ ಹೆಚ್ಚಿಸಿ, ನೀರನ್ನು ಗಿಡ ನೋಡಿಯೇ ಕೊಡಲು ಶುರು ಮಾಡಿದ ಮೇಲೆ ಉಳಿದವು ಚೇತರಿಸಿ 2016ರ ಜನವರಿಯಲ್ಲಿ ಅರಳಿದವು. ಚಳಿಯೂ ಮಳೆಯೂ ಇಲ್ಲದ ಜಾಗದಲ್ಲೇ ತೇವ ಇಷ್ಟು ಮಾಡಿತು. ಆಲಿಕಲ್ಲಿನ ಭಯ ಬೇರೆ: 2020ರ ಜೂನ್ 13ರಂದು ಕ್ಯಾಲ್ಗರಿಯ ಈಶಾನ್ಯ ಬಡಾವಣೆಗಳ ಮೇಲೆ ಬಿದ್ದ ಆಲಿಕಲ್ಲು ಮನೆಗಳ ಗೋಡೆಯ ಹೊದಿಕೆಯನ್ನೇ ತೂತು ಮಾಡಿತ್ತು. ಇದಕ್ಕೆ ಪೂರ್ತಿ ಉತ್ತರ ನನ್ನಲ್ಲಿಲ್ಲ. ಹತ್ತು ದಿನದ ಅಂತರದಲ್ಲಿ ಎರಡು ಸಲ ಬಿತ್ತಿ, ಎರಡನೆಯದನ್ನು ಒಳಗೇ ಉಳಿಸಿಕೊಂಡಿರು ಎನ್ನಬಹುದು. ಅಲ್ಲೂ ಸಸಿ ಎಳೆಯದಾಗಿದ್ದಷ್ಟೂ ಒಳ್ಳೆಯದು. ಬುಡದ ಗೆಣ್ಣು ಉಳಿದರೆ ಅದು ಮತ್ತೆ ಚಿಗುರುತ್ತದೆ.

ಬಿಸಿಲುನಾಡಿನ ಹೂವನ್ನು ಹಿಮದೂರಿನಲ್ಲಿ ಬೆಳೆಸುವುದೇ ಮೊಂಡುತನ ಎನ್ನುವವರೂ ಇದ್ದಾರೆ. ಮೆಕ್ಸಿಕೊದಿಂದ ಬಂದದ್ದು ಜೀನಿಯಾ ಒಂದೇ ಅಲ್ಲ. ನಮ್ಮ ದಸರೆ ದೀಪಾವಳಿಯ ಚೆಂಡುಹೂವೂ, ಮಲೆನಾಡಿನ ಅಂಗಳದ ಡೇರೆಯೂ ಅಲ್ಲಿಯವೇ. ಜೀನಿಯಾಕ್ಕೆ ಲಿನೇಯಸ್ 1759ರಲ್ಲಿ ಹೆಸರಿಟ್ಟದ್ದು ಜರ್ಮನಿಯ ಗಟಿಂಗೆನ್ ಸಸ್ಯೋದ್ಯಾನ ನೋಡಿಕೊಳ್ಳುತ್ತಿದ್ದ ಯೋಹಾನ್ ಝಿನ್ ನೆನಪಿಗೆ. ಹಿಮ ಬೀಳುವ ಅಮೆರಿಕದ ಇಂಡಿಯಾನಾ 1931ರಿಂದ 1957ರ ತನಕ ಇದನ್ನೇ ರಾಜ್ಯದ ಹೂವು ಮಾಡಿಕೊಂಡಿತ್ತು. ಇಡೀ ಬದುಕು ಒಂದೇ ಬೇಸಿಗೆಯಲ್ಲಿ ಮುಗಿಸುವ ಗಿಡಕ್ಕೆ ಚಳಿಗಾಲ ಎಷ್ಟು ಕಠಿಣವಾದರೇನು? ಊರಿನ ಮಲ್ಲಿಗೆಗೆ ಅಲ್ಲಿ ಎಂಟು ತಿಂಗಳು ಮನೆಯೊಳಗೆ ಬಾಣಂತನ ಮಾಡಬೇಕು. ಜೀನಿಯಾಕ್ಕೆ ಒಳಗೆ ಬೇಕಾದದ್ದು ನಾಲ್ಕೇ ವಾರ. ಪ್ಯಾಕೆಟನ್ನು ಒಣ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕು. ಮಾರ್ಚಿನಲ್ಲಿ ಅಂಗಡಿಯವರು ಟ್ರೇ, ಮಣ್ಣು ಎಲ್ಲ ಮುಂದಿಟ್ಟು ಕರೆಯುತ್ತಾರೆ; ಟ್ರೇ ಬೇಕಾದರೆ ಆಗಲೇ ತಂದಿಡು, ಬೀಜವನ್ನು ಮಾತ್ರ ಏಪ್ರಿಲ್ ಮುಗಿಯುವ ತನಕ ಮುಟ್ಟಬೇಡ.

ಇತಿ ನಿನ್ನ ಹಿರಿಯ,
ವಾಮದಪದವಿನಿಂದ