ತಂಬೂರಿ ಹಿಡಿದವನ ಕಿವಿಮಾತು

ಪುಟ್ಟೀ,

ಮೊನ್ನೆ ಫೋನಿನಲ್ಲಿ ನಿನ್ನ ದನಿ ಕೇಳುತ್ತಲೇ ಗೊತ್ತಾಯಿತು, ಮುಖ ಊದಿಸಿಕೊಂಡಿದ್ದೀಯ ಅಂತ. ನ್ಯೂಜೆರ್ಸಿಯ ನಿನ್ನ ಶಾಲೆಯಲ್ಲಿ ಮುಂದಿನ ತಿಂಗಳು ಎರಡು ದಿನ ಬಿಗ್ ಬ್ಯಾಂಡ್ ಜಾಝ್ ಕಾರ್ಯಾಗಾರ, ಮೂರನೆಯ ದಿನ ಡ್ಯೂಕ್ ಎಲಿಂಗ್ಟನ್ ಮತ್ತು ಕೌಂಟ್ ಬೇಸಿ ಅವರ ಸಂಗೀತದ ಕಛೇರಿ. ನಿನ್ನ ಪಾಲಿಗೆ ಬಂದದ್ದು ಎರಡನೆಯ ಆಲ್ಟೊ ಸ್ಯಾಕ್ಸೊಫೋನ್. ಸೋಲೊ ಒಂದೂ ಇಲ್ಲ. ನಾನು ಜಾಝ್ ಕೇಳಿದವನೇ ಹೊರತು ನುಡಿಸಿದವನಲ್ಲ. ಆದರೂ ಮೂವತ್ತು ವರ್ಷ ಮೈಸೂರಿನಲ್ಲಿ ಗುರುಗಳ ಹಿಂದೆ ತಂಬೂರಿ ಹಿಡಿದು ಕೂತವನಲ್ಲವೇ? ಆ ಸಲಿಗೆಯಿಂದ ನಾಲ್ಕು ಮಾತು ಹೇಳುತ್ತೇನೆ.

ಬಿಗ್ ಬ್ಯಾಂಡಿನಲ್ಲಿ ಸಾಮಾನ್ಯವಾಗಿ 17 ಮಂದಿ. ಐದು ಸ್ಯಾಕ್ಸೊಫೋನ್, ನಾಲ್ಕು ಟ್ರಂಪೆಟ್, ನಾಲ್ಕು ಟ್ರಾಂಬೋನ್. ಜೊತೆಗೆ ಪಿಯಾನೊ, ಗಿಟಾರ್, ಬಾಸ್, ಡ್ರಮ್ಸ್. ಸ್ಯಾಕ್ಸೊಫೋನಿನ ನೀವು ಐವರೂ ಒಂದೇ ಗಂಟಲಿನಿಂದ ಹಾಡಿದಂತೆ ಕೇಳಿಸಬೇಕು. ಮೊದಲ ಆಲ್ಟೊದವರು ಸ್ವರವನ್ನು ಎಷ್ಟು ಎಳೆಯುತ್ತಾರೆ, ಎಲ್ಲಿ ಬಿಡುತ್ತಾರೆ, ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಅನ್ನುವುದರ ಮೇಲೇ ನಿನ್ನ ಕಿವಿ ಇರಲಿ. ಒಂದು ಪೆನ್ಸಿಲ್ ಇಟ್ಟುಕೊಂಡು ಆ ಜಾಗಗಳನ್ನೆಲ್ಲ ಹಾಳೆಯಲ್ಲೇ ಗುರುತು ಹಾಕು.

ಬೇಸಿಯ ಬ್ಯಾಂಡಿನಲ್ಲಿ ಫ್ರೆಡ್ಡಿ ಗ್ರೀನ್ ಅಂತ ಒಬ್ಬರು ಗಿಟಾರ್ ವಾದಕರಿದ್ದರು. 1937ರಲ್ಲಿ ಸೇರಿದವರು 1987ರಲ್ಲಿ ಸಾಯುವವರೆಗೂ ಆ ಕುರ್ಚಿಯನ್ನು ಹೆಚ್ಚುಕಡಿಮೆ ಬಿಡಲೇ ಇಲ್ಲ. ಸೋಲೊ ಅಂತ ನುಡಿಸಿದ್ದು ತೀರಾ ಅಪರೂಪ. ಆವರ್ತಕ್ಕೆ ನಾಲ್ಕು ಮೀಟು, ಅಷ್ಟೇ. ಹಿತ್ತಾಳೆ ವಾದ್ಯಗಳೆಲ್ಲ ಭೋರ್ಗರೆಯುವಾಗ ಆ ಮೀಟು ಕಿವಿಗೆ ಸಿಗುವುದೂ ಕಷ್ಟ. ಆದರೆ ಇಡೀ ಬ್ಯಾಂಡು ನಡೆದದ್ದು ಅದರ ಮೇಲೆ. ಎಲಿಂಗ್ಟನ್ ಬಳಿಯ ಹ್ಯಾರಿ ಕಾರ್ನಿ 1927ರಿಂದ 1974ರವರೆಗೆ ಬ್ಯಾರಿಟೋನ್ ಸ್ಯಾಕ್ಸೊಫೋನ್ ನುಡಿಸುತ್ತ ಜೊತೆಗೇ ಉಳಿದರು. ಎಲಿಂಗ್ಟನ್ ಬರೆಯುವಾಗ ಯಾರ ದನಿ ಹೇಗೆ ಅನ್ನುವುದನ್ನು ನೆನೆದೇ ಬರೆಯುತ್ತಿದ್ದರಂತೆ. ನಿನ್ನ ಸಾಲನ್ನೂ ಒಂದು ಕಾಲದಲ್ಲಿ ಒಬ್ಬ ಮನುಷ್ಯನಿಗಾಗಿಯೇ ಬರೆದದ್ದು ಅಂದುಕೊಂಡು ನುಡಿಸು.

ಸ್ವಿಂಗ್ ಅನ್ನುವುದು ಹಾಳೆಯಲ್ಲಿ ಸಿಗುವುದಿಲ್ಲ. ಅಲ್ಲಿ ಸಮಸಮವಾಗಿ ಬರೆದ ಸ್ವರಗಳನ್ನು ಒಂದು ಉದ್ದ, ಒಂದು ಗಿಡ್ಡ ಮಾಡಿ ನುಡಿಸಬೇಕು. ಎಷ್ಟು ಉದ್ದ ಅಂತ ಯಾರೂ ಅಳತೆ ಕೊಡಲಾರರು. ನಮ್ಮ ಗಮಕದ ಹಾಗೆ ಅದೂ ಪಾಠಾಂತರದ ವಿದ್ಯೆ. ಆದ್ದರಿಂದ ಕಾರ್ಯಾಗಾರಕ್ಕೆ ಮುಂಚೆ ಹಳೆಯ ಧ್ವನಿಮುದ್ರಣಗಳನ್ನು ಕೇಳು, ನಿನ್ನ ಸಾಲನ್ನು ಬಾಯಲ್ಲಿ ಹಾಡು, ಆಮೇಲೆ ವಾದ್ಯ ಎತ್ತಿಕೋ. ಕಲಿಸುವವರು ತಿದ್ದಿದರೆ ಸಮಜಾಯಿಷಿ ಕೊಡಬೇಡ. ಇನ್ನೊಂದು ಸಲ ನುಡಿಸು.

ಇನ್ನು ಕಛೇರಿಗೆ ಬರುವ ನಿಮ್ಮಮ್ಮನಿಗೂ ಒಂದು ಮಾತು ಹೇಳಿಡು. ಆದಿತಾಳದ ಅಭ್ಯಾಸದಲ್ಲಿ ನಾವು ಸಮದ ಮೇಲೆ ಚಪ್ಪಾಳೆ ಹಾಕುತ್ತೇವೆ. ಜಾಝಿನಲ್ಲಿ ಎರಡನೆಯ ಎಣಿಕೆಗೂ ನಾಲ್ಕನೆಯದಕ್ಕೂ ತಟ್ಟಬೇಕು. ಮೊದಲನೆಯದಕ್ಕೆ ತಟ್ಟಿದರೆ ಅಕ್ಕಪಕ್ಕದವರು ತಿರುಗಿ ನೋಡುತ್ತಾರೆ. ಸೋಲೊ ಮುಗಿದ ಕೂಡಲೇ, ಹಾಡು ನಡೆಯುತ್ತಿದ್ದರೂ, ಚಪ್ಪಾಳೆ ತಟ್ಟಬಹುದು. ಮೃದಂಗದ ತನಿ ಆವರ್ತನ ಮುಗಿದಾಗ ನಾವು ತಟ್ಟುವುದಿಲ್ಲವೇ?

ಸ್ಯಾಕ್ಸೊಫೋನಿನಲ್ಲಿ ಕರ್ನಾಟಕ ಸಂಗೀತ ನುಡಿಸಿದ ನಮ್ಮ ಕದ್ರಿ ಗೋಪಾಲನಾಥರಿಗೆ ಆ ವಾದ್ಯದ ಹುಚ್ಚು ಹಿಡಿದದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿದಾಗ. ಅಂದು ಅದನ್ನು ನುಡಿಸುತ್ತಿದ್ದವರ ಹೆಸರು ನಮ್ಮ ಬಾಯಲ್ಲಿ ಉಳಿದಿಲ್ಲ; ಅವರ ನಾದ ಮಾತ್ರ ಒಬ್ಬ ಹುಡುಗನ ಕಿವಿ ಸೇರಿತು. ನಿಮ್ಮ ಸಭೆಯಲ್ಲೂ ಅಂಥದೊಂದು ಮಗು ಕೂತಿರಬಹುದು.

ರೀಡು ಒದ್ದೆ ಮಾಡಿಕೋ, ಬೆನ್ನು ನೆಟ್ಟಗಿಟ್ಟು ಕೂರು, ಪಕ್ಕದವರನ್ನು ಕೇಳು. ಕಛೇರಿ ಮುಗಿದ ಮೇಲೆ ಎಷ್ಟು ಹೊತ್ತಾದರೂ ಫೋನ್ ಮಾಡು. ಅಲ್ಲಿ ರಾತ್ರಿಯಾದರೆ ಇಲ್ಲಿ ನನ್ನ ಕಾಫಿಯ ಹೊತ್ತು, ಎದ್ದಿರುತ್ತೇನೆ.

ನಿನ್ನ ತಾತ