ಉಪ್ಪುನೀರಿನ ಮೀನಿಗೆ ನೊರೆ ತೆಗೆಯುವ ಯಂತ್ರ

ಬೆಲ್ಲದ ಗಾಣ ನೋಡಿದವರಿಗೆ ಈ ಪಾಠ ಅರ್ಧ ಗೊತ್ತೈತಿ. ಕಬ್ಬಿನ ಹಾಲು ಕುದಿಯುವಾಗ ಕೊಳೆ ನೊರೆಯ ಜೊತೆ ಮೇಲೆ ಬರುತ್ತದೆ, ತೆಗೆದು ಚೆಲ್ಲುತ್ತಾರೆ. ಸಮುದ್ರದ ಮೀನು ಸಾಕುವ ತೊಟ್ಟಿಯಲ್ಲಿ ಪ್ರೋಟೀನ್ ಸ್ಕಿಮ್ಮರ್ ಇದನ್ನೇ ಮಾಡುತ್ತದೆ, ಆದರೆ ಕುದಿಸದೆ, ಗಾಳಿಗುಳ್ಳೆಗಳಿಂದ.

ಮೀನಿನ ಹೊಲಸು, ಉಳಿದ ಆಹಾರ ಕೊಳೆತರೆ ಅಮೋನಿಯಾ ಹುಟ್ಟಿ ಮೀನು ಸಾಯುತ್ತವೆ. ಪ್ರೋಟೀನ್ ಅಣುವಿನ ಒಂದು ಭಾಗಕ್ಕೆ ನೀರು ಬೇಕು, ಇನ್ನೊಂದಕ್ಕೆ ಬೇಡ. ಬೇಡವಾದ ಭಾಗ ಗುಳ್ಳೆಯ ಗಾಳಿಯ ಕಡೆ ತಿರುಗಿ ಅಂಟಿಕೊಳ್ಳುತ್ತದೆ. ಗುಳ್ಳೆ ಮೇಲೇರಿ, ನೊರೆಯಾಗಿ ಬಟ್ಟಲಿಗೆ ಬೀಳುತ್ತದೆ. ಕೊಳೆಯುವ ಮೊದಲೇ ಹೊರಗೆ!

ಸಿಹಿನೀರಿನಲ್ಲಿ ಇದು ಯಾಕೆ ಸರಿಯಾಗಿ ನಡೆಯುವುದಿಲ್ಲ? ಎರಡು ಬಾಟಲಿಗಳಿಗೆ ಅರ್ಧದವರೆಗೆ ನೀರು ಹಾಕಿ, ಒಂದಕ್ಕೆ ಸಮುದ್ರದ ಹಾಗೆ ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಉಪ್ಪು ಕರಗಿಸಿ ಜೋರಾಗಿ ಅಲುಗಾಡಿಸಿ ನೋಡ್ರಿ. ಉಪ್ಪುನೀರಿನಲ್ಲಿ ಗುಳ್ಳೆಗಳು ಬೇಗ ಒಂದಕ್ಕೊಂದು ಕೂಡುವುದಿಲ್ಲ, ಸಣ್ಣದಾಗೇ ಉಳಿಯುತ್ತವೆ. ಸಣ್ಣ ಗುಳ್ಳೆ ಅಂದರೆ ಹೆಚ್ಚು ಮೇಲ್ಮೈ, ನಿಧಾನದ ಏರಿಕೆ.

ಹಾಗಾಗಿ ಕೊಳ್ಳುವಾಗ ಮೊದಲು ಗುಳ್ಳೆ ಎಷ್ಟು ಸಣ್ಣದೆಂದು ಕೇಳಬೇಕು. ಡಬ್ಬಿಯ ಮೇಲಿನ ಲೀಟರ್ ಅಂಕಿ ಬಹಳ ಸಲ ಕಡಿಮೆ ಮೀನಿನ ಲೆಕ್ಕದ್ದು. 100 ಲೀಟರ್ ತೊಟ್ಟಿಗೆ 150ರಿಂದ 200ರದು ತಗೊಂಡರೆ ಒಳ್ಳೇದು. ಬಟ್ಟಲು ಸುಲಭವಾಗಿ ಬಿಚ್ಚುವಂತಿರಲಿ, ಅದನ್ನು ಆಗಾಗ ತೊಳೆಯಬೇಕು. ಸಣ್ಣ ತೊಟ್ಟಿ, ಒಂದೆರಡೇ ಮೀನು ಇದ್ದರೆ? ವಾರಕ್ಕೊಮ್ಮೆ ಹತ್ತರಲ್ಲಿ ಒಂದು ಪಾಲು ಉಪ್ಪುನೀರು ಬದಲಿಸಿದರೆ ಸಾಕು, ಯಂತ್ರದ ದುಡ್ಡು ಉಳೀತದ.