ಖಾಲಿ ಚೌಕಗಳ ಹಿಂದೆ

ಕನ್ನಡದಲ್ಲಿ ರಸೀದಿಯ ಪಿಡಿಎಫ್ ತಯಾರಿಸುವ ಫಂಕ್ಷನ್ ನಮ್ಮದು. ಒತ್ತಕ್ಷರಗಳು ಸರಿಯಾಗಿ ಕೂರಬೇಕಾದರೆ ಪ್ಯಾಂಗೊ, ಹಾರ್ಫ್‌ಬಝ್‌ನಂಥ ಲೈಬ್ರರಿಗಳು ಬೇಕು, ಜೊತೆಗೆ ಫಾಂಟುಗಳು. ಎಡಬ್ಲ್ಯುಎಸ್ ಲ್ಯಾಂಬ್ಡಾದಲ್ಲಿ ಜಿಪ್ ಬಿಚ್ಚಿದ ಮೇಲೆ 250 ಎಂಬಿ ಮೀರುವಂತಿಲ್ಲ. 2020ರ ಡಿಸೆಂಬರ್‌ನಿಂದ 10 ಜಿಬಿವರೆಗಿನ ಕಂಟೈನರ್ ಇಮೇಜನ್ನೂ ಅದು ಒಪ್ಪುತ್ತದೆ. ಆ ದಾರಿಯನ್ನೇ ಹಿಡಿದೆವು.

ಲ್ಯಾಪ್‌ಟಾಪಿನಲ್ಲಿ ರಸೀದಿ ಚೆನ್ನಾಗಿ ಬಂತು. ಕ್ಲೌಡ್‌ನಲ್ಲಿ ಬಂದದ್ದು ಸಾಲು ಸಾಲು ಖಾಲಿ ಚೌಕಗಳು. ಲಾಗ್‌ನಲ್ಲಿ ಒಂದು ಎರರ್ ಇಲ್ಲ. ಫಂಕ್ಷನ್ ಪ್ರಕಾರ ಕೆಲಸ ಯಶಸ್ವಿ. ಕಿರುಚಿಕೊಂಡು ಬೀಳುವ ಪ್ರೋಗ್ರಾಂಗಿಂತ ಹೀಗೆ ಸದ್ದಿಲ್ಲದೆ ತಪ್ಪು ಫಲ ಕೊಡುವುದೇ ಹೆಚ್ಚು ಅಪಾಯಕಾರಿ ಎಂದು ನನಗೆ ಆಗ ಮನದಟ್ಟಾಯಿತು. ಬ್ರೇಕ್‌ಪಾಯಿಂಟ್ ಹಾಕಿ ಎಷ್ಟು ಹುಡುಕಿದರೂ ಪ್ರಯೋಜನವಾಗಲಿಲ್ಲ, ಏಕೆಂದರೆ ದೋಷ ಕೋಡಿನಲ್ಲಿ ಇರಲೇ ಇಲ್ಲ.

ಇದ್ದದ್ದು ಫಾಂಟ್ ಕಡತದ ಪರ್ಮಿಶನ್‌ನಲ್ಲಿ. ಬಿಲ್ಡ್ ಯಂತ್ರದಿಂದ ಇಮೇಜಿಗೆ ಬರುವಾಗ ಆ ಕಡತ 600 ಪರ್ಮಿಶನ್ ಹೊತ್ತು ಬಂದಿತ್ತು. ಅಂದರೆ ಒಡೆಯನಾದ ರೂಟ್ ಮಾತ್ರ ಓದಬಲ್ಲ. ಲ್ಯಾಪ್‌ಟಾಪಿನಲ್ಲಿ ಡಾಕರ್ ಕಂಟೈನರ್ ರೂಟ್ ಆಗಿಯೇ ಓಡುತ್ತಿತ್ತು, ಹಾಗಾಗಿ ಅಡ್ಡಿಯಿರಲಿಲ್ಲ. ಲ್ಯಾಂಬ್ಡಾ ಓಡಿಸುವುದು ಸೀಮಿತ ಅಧಿಕಾರದ ಬಳಕೆದಾರನ ಹೆಸರಿನಲ್ಲಿ. ಓದಲಾಗದ ಫಾಂಟನ್ನು, ಫಾಂಟುಗಳನ್ನು ಹುಡುಕಿಕೊಡುವ ಫಾಂಟ್‌ಕಾನ್ಫಿಗ್ ಲೈಬ್ರರಿ ದೂರು ಹೇಳದೆ ಬಿಟ್ಟು ಮುಂದೆ ಹೋಗುತ್ತದೆ. ಅದೇ ಇಮೇಜನ್ನು ಲ್ಯಾಪ್‌ಟಾಪಿನಲ್ಲೇ 1000 ಸಂಖ್ಯೆಯ ಬಳಕೆದಾರನಾಗಿ ಓಡಿಸಿ ಫಾಂಟುಗಳ ಪಟ್ಟಿ ಕೇಳಿದಾಗ ಕನ್ನಡ ಫಾಂಟ್ ಅದರಲ್ಲಿ ಇರಲಿಲ್ಲ! ಡಾಕರ್‌ಫೈಲ್‌ನಲ್ಲಿ ಕಡತಕ್ಕೆ 644, ಫೋಲ್ಡರಿಗೆ 755 ಕೊಟ್ಟೆವು. ಅಕ್ಷರಗಳು ಮೂಡಿದವು.

ಅಲ್ಲಿಂದ ನಮ್ಮ ಡಿಬಗ್ ವಾತಾವರಣವನ್ನೇ ಬಿಗಿ ಮಾಡಿದೆವು. ಕಂಟೈನರ್ ರೂಟ್ ಆಗಿ ಓಡುವುದಿಲ್ಲ, ಇಡೀ ಕಡತವ್ಯವಸ್ಥೆ ಓದುವುದಕ್ಕೆ ಮಾತ್ರ, ಬರೆಯಲು /ಟಿಎಂಪಿ ಒಂದೇ ಜಾಗ. ಲ್ಯಾಂಬ್ಡಾದ ಎಮ್ಯುಲೇಟರ್ ಅದರ ವಿನಂತಿ-ಉತ್ತರದ ರೀತಿಯನ್ನು ಮಾತ್ರ ಅನುಕರಿಸುತ್ತದೆ. ಈ ನಿರ್ಬಂಧಗಳನ್ನು ಹೇರುವುದು ನಮ್ಮ ಹೊಣೆ. ಹೀಗೆ ಬಿಗಿ ಮಾಡಿದ್ದರಿಂದಲೇ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು: ಫಾಂಟ್‌ಕಾನ್ಫಿಗ್ ತನ್ನ ಕ್ಯಾಶೆ ಬರೆಯಲು ಹೋಮ್ ಫೋಲ್ಡರಿನಲ್ಲಿ ಜಾಗ ಹುಡುಕಿ ಸೋಲುತ್ತಿತ್ತು. ಅದನ್ನೂ /ಟಿಎಂಪಿಗೆ ತಿರುಗಿಸಿದೆವು. ಎಂ1 ಚಿಪ್‌ನ ಮ್ಯಾಕ್‌ಗಳಲ್ಲಿ ಆರ್ಮ್‌ಗೆ ಕಟ್ಟಿದ ಇಮೇಜ್ ಎಕ್ಸ್86 ಫಂಕ್ಷನ್‌ನಲ್ಲಿ ಓಡದು ಎಂಬುದು ಹೆಚ್ಚಿನವರಿಗೆ ಗೊತ್ತಿರುವ ಮಾತು. ಬಿಲ್ಡ್ ಮಾಡುವಾಗಲೇ ಪ್ಲಾಟ್‌ಫಾರ್ಮ್ ಹೆಸರಿಸಿದರಾಯಿತು.

ಎಷ್ಟೇ ಬಿಗಿ ಮಾಡಿದರೂ ಲ್ಯಾಪ್‌ಟಾಪಿನಲ್ಲಿ ಸುಲಭವಾಗಿ ಸಿಗದ ಸಂಗತಿಯೊಂದಿದೆ: ಎಡಬ್ಲ್ಯುಎಸ್‌ನ ಐಎಎಂ ಅನುಮತಿ. ಡೆವಲಪರ್‌ನ ಕ್ರೆಡೆನ್ಶಿಯಲ್‌ಗಳಿಗೆ ಸಾಮಾನ್ಯವಾಗಿ ಎಲ್ಲ ಬಾಗಿಲೂ ತೆರೆದಿರುತ್ತವೆ, ಫಂಕ್ಷನ್‌ಗೆ ತನ್ನ ರೋಲ್ ಕೊಟ್ಟಷ್ಟೇ. ಆದ್ದರಿಂದ ಪ್ರತಿ ಇಮೇಜನ್ನೂ ಪ್ರತ್ಯೇಕ ಡೆವಲಪ್‌ಮೆಂಟ್ ಖಾತೆಯಲ್ಲಿ ಅದರದೇ ರೋಲ್‌ನೊಂದಿಗೆ ಓಡಿಸಿ, ಒಂದು ರಸೀದಿ ತೆಗೆದು, ಒತ್ತಕ್ಷರಗಳನ್ನು ಕಣ್ಣಾರೆ ಓದಿದ ಮೇಲೆಯೇ ಮುಂದಕ್ಕೆ ಕಳಿಸುತ್ತೇವೆ.